ಟ್ರಂಕಿನಲ್ಲಿ ಉಳಿದ ಚರಿತ್ರೆ

ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವುದು ನನ್ನ ಉದ್ಯೋಗವೆಂಬುದು ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಿಗೆಲ್ಲ ಗೊತ್ತಿದ್ದದ್ದೇ. ಆ ಪುಸ್ತಕದ ಒಂದೊಂದು ಸಾಲಿನಲ್ಲಿ ಟಿಕೆಟ್ ನಂಬರು, ಹೆಸರು, ತಂದೆಯ ಇಲ್ಲವೆ ಗಂಡನ ಹೆಸರು, ಖಾತೆ, ಹಾಜರಿ, ಸಂಬಳ, ಕಡಿತ, ಇಷ್ಟು ಇರುತ್ತವೆ. ಇಪ್ಪತ್ತು ವರ್ಷ ದುಡಿದ ಒಬ್ಬ ಹೆಣ್ಣುಮಗಳ ವಿಷಯವಾಗಿ ನಾಳೆ ಯಾರಾದರೂ ತಿಳಿಯಬೇಕೆಂದು ಬಂದರೆ ಕಚೇರಿಯಲ್ಲಿ ಆ ಸಾಲುಗಳ ಹೊರತು ಬೇರೇನೂ ಸಿಕ್ಕಲಾರದು. ಆಕೆ ಯಾವ ಊರಿನಿಂದ ಯಾರ ಜತೆಯಲ್ಲಿ ರೈಲು ಹತ್ತಿ ಬಂದಳು, ಕೂಸನ್ನು ಯಾರ ಮಡಿಲಿಗೆ ಹಾಕಿ ಪಾಳಿಗೆ ಹೊರಟಳು, ಕೆಲಸವಿಲ್ಲದ ತಿಂಗಳಲ್ಲಿ ಒಲೆ ಹೇಗೆ ಹೊತ್ತಿಸಿದಳು, ಇದಕ್ಕೆಲ್ಲ ಪುಸ್ತಕದಲ್ಲಿ ಕಾಲಮ್ಮು ಇಲ್ಲ. ಕಾಲಮ್ಮು ಇಲ್ಲದ್ದನ್ನು ಗುಮಾಸ್ತ ಬರೆಯಲಾರ. ಇದರಲ್ಲಿ ಗುಮಾಸ್ತನ ತಪ್ಪೇನೂ ಇಲ್ಲವೆಂದು ನನ್ನ ಪಕ್ಷವನ್ನು ನಾನೇ ವಹಿಸಿಕೊಳ್ಳುತ್ತೇನೆ. ಆದರೆ ಐವತ್ತು ವರ್ಷ ಕಳೆದ ಮೇಲೆ ಉಳಿಯುವುದು ಮಾತ್ರ ಗುಮಾಸ್ತ ಬರೆದಷ್ಟೇ.

ಇದೇ ಸಂಗತಿ ನಮ್ಮ ಗಿರಣಿಗಿಂತ ಎಷ್ಟೋ ದೊಡ್ಡ ಪ್ರಮಾಣದಲ್ಲಿ ಅಮೇರಿಕೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ನಡೆದಿದೆ. ಅಲ್ಲಿಯ ಬಿಳಿಯರಲ್ಲದ ಹೆಂಗಸರ ಬಾಳು ಸರಕಾರದ ಮತ್ತು ವಿಶ್ವವಿದ್ಯಾಲಯಗಳ ದೊಡ್ಡ ದೊಡ್ಡ ಪತ್ರಾಗಾರಗಳಲ್ಲಿ ಬಹುಕಾಲ ಇದ್ದೂ ಇಲ್ಲದಂತಾಗಿತ್ತು. ಕಳೆದ ನಲವತ್ತು ಐವತ್ತು ವರ್ಷಗಳಿಂದ ಆ ಹೆಂಗಸರೇ ಮುಂದೆ ಬಂದು, ಮನೆಮನೆಯ ಟ್ರಂಕು, ಅಟ್ಟ, ಬೀರುಗಳಿಂದ ಕಾಗದಪತ್ರ ಕೂಡಿಸಿ, ಮುದುಕಿಯರ ಮಾತನ್ನು ಯಂತ್ರದಲ್ಲಿ ಹಿಡಿದಿಟ್ಟು, ತಮ್ಮದೇ ದಫ್ತರಗಳನ್ನು ಕಟ್ಟಿಕೊಳ್ಳುತ್ತಿದ್ದಾರೆ. ಇದನ್ನು ಅವರು ಸಮುದಾಯದ ದಫ್ತರವೆನ್ನುತ್ತಾರೆ. ಸರಕಾರವಲ್ಲ, ವಿಶ್ವವಿದ್ಯಾಲಯವಲ್ಲ, ಯಾರ ಕಥೆಯೋ ಅವರೇ ಕೂಡಿಸಿ ಅವರೇ ಕಾಯುವ ದಾಖಲೆ ಎಂದು ಅದರ ಅರ್ಥ. ಆ ಕೆಲಸ ಹೇಗೆ ನಡೆಯಿತು, ಅದರಿಂದ ಏನು ಬದಲಾಯಿತು ಎಂಬುದನ್ನು ನಾನು ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ಹೆಸರಿನ ವಿಷಯ. ಆ ದೇಶಗಳಲ್ಲಿ ಬಿಳಿಯರಲ್ಲದ ಹೆಂಗಸರು ತಮ್ಮನ್ನು 'ವರ್ಣೀಯ ಮಹಿಳೆಯರು' ಎಂದು ಕರೆದುಕೊಳ್ಳುತ್ತಾರೆ. ಇದನ್ನು ಕೇಳಿದ ಕೂಡಲೆ ನಮ್ಮವರಿಗೆ ಜಾತಿ ವರ್ಣ ನೆನಪಾಗುವುದು ಸಹಜ, ಅದಲ್ಲ. 1977ರ ನವೆಂಬರಿನಲ್ಲಿ ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ ನಗರದಲ್ಲಿ ಅಮೇರಿಕೆಯ ರಾಷ್ಟ್ರೀಯ ಮಹಿಳಾ ಸಮ್ಮೇಳನ ಸೇರಿತ್ತು. ಕಪ್ಪು ಜನಾಂಗದ ಕೆಲವು ಮಹಿಳೆಯರು ತಮ್ಮ ಬೇಡಿಕೆಗಳ ಪಟ್ಟಿಯನ್ನು ಅಲ್ಲಿಗೆ ಒಯ್ದಿದ್ದರು. ಉಳಿದ ಅಲ್ಪಸಂಖ್ಯಾತ ಜನಾಂಗಗಳ ಹೆಂಗಸರು ನಮ್ಮನ್ನೂ ಸೇರಿಸಿಕೊಳ್ಳಿರೆಂದಾಗ ಎಲ್ಲರಿಗೂ ಒಪ್ಪುವ ಒಂದು ಹೆಸರು ಬೇಕಾಯಿತು. ಆಗ ಹುಟ್ಟಿದ ಹೆಸರಿದು ಎಂದು ಲೊರೆಟ್ಟಾ ರಾಸ್ ಎಂಬ ಹಿರಿಯ ಕಾರ್ಯಕರ್ತೆ ಹೇಳಿದ್ದಾರೆ. ಮೈಬಣ್ಣವನ್ನು ಕುರಿತದ್ದಕ್ಕಿಂತ ಒಟ್ಟಾಗಿ ದುಡಿಯುವ ಕರಾರನ್ನು ಕುರಿತ ಹೆಸರು ಎಂದು ಅವರ ಅಭಿಪ್ರಾಯ. ಅಲ್ಲಿಗೆ ಹೋಗಿ ನೆಲಸಿದ ನಮ್ಮ ದೇಶದ ಹೆಣ್ಣುಮಕ್ಕಳೂ ಇದರಲ್ಲಿ ಸೇರಿದವರೇ.

ಇವರ ವಿಷಯ ಹಳೆಯ ಪತ್ರಾಗಾರಗಳಲ್ಲಿ ಏನೂ ಇರಲಿಲ್ಲವೆಂದಲ್ಲ. ವಲಸೆ ಇಲಾಖೆಯ ವಿಚಾರಣೆ ಪತ್ರಗಳಿದ್ದವು, ಕೋರ್ಟಿನ ಕಾಗದಗಳಿದ್ದವು, ಗುಲಾಮಗಿರಿಯ ಕಾಲದ ಕ್ರಯಪತ್ರಗಳಿದ್ದವು, ವೃತ್ತಪತ್ರಿಕೆಯ ತುಣುಕುಗಳಿದ್ದವು. ಎಲ್ಲವೂ ಬೇರೆಯವರು ತಮ್ಮ ಕೆಲಸಕ್ಕಾಗಿ ಇವರ ಮೇಲೆ ಬರೆದದ್ದು. ಇವರು ತಾವಾಗಿ ಬರೆದದ್ದು, ಆಡಿದ್ದು ಇರಲಿಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

1915ರ ಸೆಪ್ಟೆಂಬರಿನಲ್ಲಿ ಪೇಶಾವರದ ವೈಷ್ಣೋ ದಾಸ್ ಬಗಾಯಿ ಎಂಬವರು ಹೆಂಡತಿ ಕಲಾ ಬಗಾಯಿ ಮತ್ತು ಮೂವರು ಎಳೆಯ ಗಂಡುಮಕ್ಕಳೊಡನೆ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಂದರಿಗೆ ಬಂದಿಳಿದರು. ವಲಸೆ ಅಧಿಕಾರಿಗಳು ಅವರನ್ನು ಕೆಲವು ದಿನ ಏಂಜೆಲ್ ದ್ವೀಪದ ಠಾಣ್ಯದಲ್ಲಿ ತಡೆದಿಟ್ಟರು. ಆ ಕಾಲಕ್ಕೆ ಅಮೇರಿಕೆಯ ಆ ಕರಾವಳಿಯಲ್ಲಿ ಹಿಂದೂಸ್ಥಾನದ ಹೆಂಗಸನ್ನು ಕಂಡವರೇ ಅಪರೂಪ. ಊರಿನ ಒಂದು ಪತ್ರಿಕೆ ಆಕೆಯ ಭಾವಚಿತ್ರ ಹಾಕಿ ಸುದ್ದಿ ಅಚ್ಚುಮಾಡಿತು. ಯಾವ ಸುದ್ದಿ ಎಂದೀರಿ? ಆಕೆಯ ಮೂಗಿನಲ್ಲಿದ್ದ ವಜ್ರದ ಸುದ್ದಿ! ಹೊಸದೊಂದು ಷೋಕಿ ಬಂದಿದೆಯೆಂದು ಅವರು ಬರೆದರು. ನಮ್ಮ ಕಡೆ ಯಾರ ಮನೆಯಲ್ಲಿಯೂ ಎರಡನೆಯ ಸಲ ತಿರುಗಿ ನೋಡದ ಮೂಗುಬಟ್ಟು ಅಲ್ಲಿ ಚರಿತ್ರೆಯಾಯಿತು. ಅದನ್ನು ಇಟ್ಟುಕೊಂಡವಳು ಆಗಲಿಲ್ಲ.

ಮುಂದಿನ ಕಥೆ ದುಃಖದ್ದು. ಈ ಸಂಸಾರ ಬರ್ಕ್ಲಿ ಎಂಬ ಊರಿನಲ್ಲಿ ಮನೆ ಕೊಂಡು ಸಾಮಾನು ಹೇರಿಕೊಂಡು ಹೋದ ದಿನ ನೆರೆಹೊರೆಯವರು ಮನೆಗೆ ಬೀಗ ಜಡಿದು ಒಳಗೆ ಬಿಡಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಬೇಕಾಯಿತು. ಯಜಮಾನರು 1921ರಲ್ಲಿ ಅಮೇರಿಕೆಯ ಪೌರತ್ವ ಪಡೆದರು. ಆದರೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಖಟ್ಲೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹಿಂದೂಸ್ಥಾನದವರು ಬಿಳಿಯರಲ್ಲ, ಆದ್ದರಿಂದ ಪೌರರಾಗುವಂತಿಲ್ಲ ಎಂದು ತೀರ್ಪಿತ್ತಿತು. ಕೊಟ್ಟ ಪೌರತ್ವವನ್ನು ಕಿತ್ತುಕೊಂಡರು. ಅಂಗಡಿ ಆಸ್ತಿ ಬಿಟ್ಟುಕೊಡಬೇಕಾಯಿತು. 1928ರಲ್ಲಿ ವೈಷ್ಣೋ ದಾಸರು ಪತ್ರಿಕೆಗೊಂದು ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡರು. ಇಷ್ಟು ಮಾತ್ರ ಕೋರ್ಟಿನ ಕಾಗದದಲ್ಲಿಯೂ ಪತ್ರಿಕೆಯಲ್ಲಿಯೂ ಸಿಕ್ಕುತ್ತದೆ. ಆಮೇಲೆ ಪರದೇಶದಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು ಆ ತಾಯಿ ಏನು ಮಾಡಿದಳು? ಮಕ್ಕಳನ್ನು ಕಾಲೇಜು ಓದಿಸಿದಳು, ಮುಂದೆ ಮರುಮದುವೆಯಾದಳು, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ದೇಶದವರಿಗೆಲ್ಲ ತಾಯಿಯಂತೆ ಬಾಳಿ 1983ರಲ್ಲಿ ತೀರಿಕೊಂಡಳು. ಈ ಐವತ್ತೈದು ವರ್ಷದ ಬಾಳು ಯಾವ ಇಲಾಖೆಗೂ ಬೇಕಾಗಿರಲಿಲ್ಲ. ಅದು ಉಳಿದದ್ದು ಮನೆಯವರು ಇಟ್ಟುಕೊಂಡ ಫೋಟೋ, ಪತ್ರ, ಮತ್ತು ಆಕೆಯ ಕೊನೆಗಾಲದಲ್ಲಿ, 1982ರಲ್ಲಿ, ಆಕೆಯ ಮಾತನ್ನು ಮುದ್ರಿಸಿಕೊಂಡ ಒಂದು ಟೇಪಿನಿಂದ.

ಈ ಸಾಮಗ್ರಿ ಇಂದು ಎಲ್ಲರಿಗೂ ಸಿಕ್ಕುವಂತಾದದ್ದು ಸೌತ್ ಏಷಿಯನ್ ಅಮೇರಿಕನ್ ಡಿಜಿಟಲ್ ಆರ್ಕೈವ್, ಅಂದರೆ 'ಸಾದಾ' ಎಂಬ ಸಂಸ್ಥೆಯಿಂದ. 2008ರಲ್ಲಿ ಸಮೀಪ್ ಮಲಿಕ್ ಮತ್ತು ಮಿಷೆಲ್ ಕ್ಯಾಸ್ವೆಲ್ ಎಂಬಿಬ್ಬರು ಇದನ್ನು ಆರಂಭಿಸಿದರು. ಇದರ ರೀತಿ ನನಗೆ ಬಹಳ ಹಿಡಿಸಿತು. ಇವರಿಗೆ ದೊಡ್ಡ ಕಟ್ಟಡವಿಲ್ಲ, ಕಪಾಟುಗಳಿಲ್ಲ. ಮನೆಯವರು ಕೊಟ್ಟ ಫೋಟೋ, ಪತ್ರವನ್ನು ಪ್ರತಿ ತೆಗೆದುಕೊಂಡು ಅಸಲನ್ನು ಅವರಿಗೇ ಹಿಂದಿರುಗಿಸುತ್ತಾರೆ. ಪ್ರತಿಯನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಓದಲು ಇಡುತ್ತಾರೆ. ತಾಯಿಯ ಪತ್ರವನ್ನು ಎಂದೆಂದಿಗೂ ಕೊಟ್ಟುಬಿಡಬೇಕೆಂದರೆ ಯಾವ ಮಗಳ ಕೈ ಮುಂದೆ ಬಂದೀತು? ಒಂದು ವಾರಕ್ಕೆ ಕೊಡಿರೆಂದರೆ ಕೊಟ್ಟಾಳು.

ಸಂಸ್ಥೆಗೆ ಫೋಟೋ ಒದಗಿಸಿದವರು ಕಲಾ ಬಗಾಯಿಯವರ ಮೊಮ್ಮಗಳು. ಅದನ್ನು ಓದಿ ಬರ್ಕ್ಲಿಯಲ್ಲಿದ್ದ ನಮ್ಮ ದೇಶದ ಮೂಲದವರು ಚಳವಳಿ ಹೂಡಿದರು. 2020ರಲ್ಲಿ ಅಲ್ಲಿಯ ನಗರಸಭೆ ಪೇಟೆಯ ನಡುವಿನ ಶಾಟಕ್ ಬೀದಿಯ ಒಂದು ಭಾಗಕ್ಕೆ ಕಲಾ ಬಗಾಯಿ ಬೀದಿ ಎಂದು ಹೆಸರಿಟ್ಟಿತು. ಬೀಗ ಜಡಿದ ಊರೇ ಅದು.

ಇಲ್ಲಿ ಒಬ್ಬ ಬಂಧುಗಳು ಕೇಳಬಹುದು: ಓದಿದವರು, ಅನುಕೂಲಸ್ಥರು, ಅವರ ಮನೆಯಲ್ಲಿ ಫೋಟೋ ಇದ್ದವು, ಬಟ್ಟೆ ಒಗೆದು, ಕಂಡವರ ಮಕ್ಕಳನ್ನು ಆಡಿಸಿ ಹೊಟ್ಟೆ ಹೊರೆದವರ ಗತಿಯೇನು? ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ಉತ್ತರ ಅಮೇರಿಕೆಯ ಇಂಡಿಯಾನಾ ಪ್ರಾಂತದಲ್ಲಿದೆ.

ಆ ಪ್ರಾಂತದ ರಾಜಧಾನಿ ಇಂಡಿಯಾನಾಪೊಲಿಸ್. ಮೇಡಂ ಸಿ. ಜೆ. ವಾಕರ್ ಎಂಬ ಕಪ್ಪು ಜನಾಂಗದ ಮಹಿಳೆ 1910ರಲ್ಲಿ ತಮ್ಮ ಕೇಶತೈಲ ಮೊದಲಾದ ಸಾಮಗ್ರಿಗಳ ಕಂಪನಿಯನ್ನು ಅಲ್ಲಿಗೆ ತಂದರು. ಮೊದಲು ಬಟ್ಟೆ ಒಗೆದು ಬಾಳಿದವರು, ಕೊನೆಗೆ ದೊಡ್ಡ ಶ್ರೀಮಂತೆಯಾದರು. ಅವರ ಕಾಗದಪತ್ರಗಳೆಲ್ಲ ಇಂಡಿಯಾನಾ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಜೋಪಾನವಾಗಿವೆ. ಜೋಪಾನವಾಗಿರದೇನು, ಕಂಪನಿಯಿದ್ದ ಮೇಲೆ ಗುಮಾಸ್ತರಿರುತ್ತಾರೆ, ಗುಮಾಸ್ತರಿದ್ದ ಮೇಲೆ ಫೈಲು ಇರುತ್ತದೆ. ಆದರೆ ಅದೇ ಊರಿನಲ್ಲಿ ಬಟ್ಟೆ ಒಗೆಯುತ್ತಲೇ ಮುದುಕಿಯರಾದವರ ಫೈಲು ಇಟ್ಟವರಾರು?

ಇಟ್ಟವರು ಅವರೇ; ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. 1980ರಲ್ಲಿ ಷರ್ಲಿ ಹರ್ಡ್ ಎಂಬ ಶಾಲಾ ಉಪಾಧ್ಯಾಯಿನಿ ಪರ್ಡ್ಯೂ ವಿಶ್ವವಿದ್ಯಾಲಯದ ಚರಿತ್ರೆಯ ಅಧ್ಯಾಪಕಿ ಡಾರ್ಲೀನ್ ಕ್ಲಾರ್ಕ್ ಹೈನ್ ಅವರಿಗೆ ಟೆಲಿಫೋನು ಮಾಡಿದರು. ಈ ಹರ್ಡ್ ಅವರು ನ್ಯಾಷನಲ್ ಕೌನ್ಸಿಲ್ ಆಫ್ ನೀಗ್ರೋ ವಿಮೆನ್ ಎಂಬ ಮಹಿಳಾ ಸಂಘದ ಸ್ಥಳೀಯ ಶಾಖೆಯ ಅಧ್ಯಕ್ಷೆ. ಅವರ ಕೇಳಿಕೆ ಇಷ್ಟೆ: ಇಂಡಿಯಾನಾದ ಕಪ್ಪು ಮಹಿಳೆಯರ ಚರಿತ್ರೆಯನ್ನು ನೀವು ಬರೆದುಕೊಡಬೇಕು. ಹೈನ್ ಅವರೂ ಕಪ್ಪು ಜನಾಂಗದವರೇ, ಆಗಲೇ ಒಂದು ಚರಿತ್ರೆ ಗ್ರಂಥ ಬರೆದು ಹೆಸರಾದವರು. ಆದರೂ ಅವರು ಆಗುವುದಿಲ್ಲವೆಂದರು. ಆ ವಿಷಯ ತಮಗೆ ತಿಳಿಯದು, ತಿಂಡಿ ಅಂಗಡಿಯಲ್ಲಿ ತಿಂಡಿಗೆ ಹೇಳಿದಂತೆ ಚರಿತ್ರೆಯ ಪುಸ್ತಕಕ್ಕೆ ಹೇಳಲಾಗುವುದಿಲ್ಲ ಎಂಬ ಭಾವನೆ ಅವರದು. ಉಪಾಧ್ಯಾಯಿನಿ ಬಿಡುವ ಆಸಾಮಿಯಲ್ಲ. ನೀವು ಕಪ್ಪು ಹೆಂಗಸು ಹೌದೋ ಅಲ್ಲವೋ, ಚರಿತ್ರೆ ಓದಿದವರು ಹೌದೋ ಅಲ್ಲವೋ, ಈ ಎರಡನ್ನು ಕೂಡಿಸಲು ನಿಮಗೆ ಬಾರದೇ ಎಂಬ ಅರ್ಥದಲ್ಲಿ ಕೇಳಿಯೇ ಬಿಟ್ಟರು. ಈ ಮಾತುಕತೆಯನ್ನು ಮುಂದೆ ಹೈನ್ ಅವರೇ ತಮ್ಮ ಬರಹದಲ್ಲಿ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾರೆ. ಅದು ದೊಡ್ಡತನ.

ಆಮೇಲೆ ಹರ್ಡ್ ಅವರು ಪೆಟ್ಟಿಗೆಗಳನ್ನು ಹೊತ್ತು ತಂದರು. ಅವರೂ ಅವರ ಸಂಗಾತಿಗಳೂ ಪ್ರಾಂತದ ಉದ್ದಗಲಕ್ಕೆ ಕೂಡಿಸಿದ್ದ ಸಾಮಗ್ರಿ ಅದರಲ್ಲಿ: ಮಹಿಳಾ ಕ್ಲಬ್ಬುಗಳ ನಡಾವಳಿ ಪುಸ್ತಕಗಳು, ಚರ್ಚಿನ ಉತ್ಸವಗಳಲ್ಲಿ ಹಂಚಿದ ಸಣ್ಣ ಪುಸ್ತಿಕೆಗಳು, ಸತ್ತವರ ಕುರಿತ ಪತ್ರಿಕೆಯ ತುಣುಕುಗಳು, ಪತ್ರಗಳು, ಫೋಟೋಗಳು. ಮನೆಯವರಿಗೇ ಬೆಲೆಯಿಲ್ಲದ ವಸ್ತುಗಳು. ಆದರೆ ಅವನ್ನು ಒಟ್ಟಿಗೆ ಹರಡಿದಾಗ ಅನಾಥಾಲಯ, ವೃದ್ಧಾಶ್ರಮ, ಆಸ್ಪತ್ರೆಯ ಸಹಾಯನಿಧಿ, ವಿದ್ಯಾರ್ಥಿವೇತನ ಎಲ್ಲವನ್ನೂ ಈ ಬಡಹೆಂಗಸರು ಕಾಸುಕಾಸು ಕೂಡಿಸಿ ನಡೆಸಿಕೊಂಡು ಬಂದದ್ದು ಕಣ್ಣಿಗೆ ಕಟ್ಟಿತು. 1981ರಲ್ಲಿ 1875ರಿಂದ 1950ರವರೆಗಿನ ಅವರ ಚರಿತ್ರೆಯನ್ನು ಹೈನ್ ಬರೆದುಕೊಟ್ಟರು. ಮಹಿಳಾ ಸಂಘದ ಆ ಶಾಖೆಯೇ ಅದನ್ನು ಪ್ರಕಟಿಸಿತು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಹರ್ಡ್ ಅವರೂ ಅವರ ಗೆಳತಿ ವರ್ಟಿಯಾ ಡೌನಿ ಅವರೂ ಇಂಥ ಪೆಟ್ಟಿಗೆಗಳು ಇನ್ನೆಷ್ಟು ಮನೆಗಳಲ್ಲಿವೆಯೋ ಎಂದು ಕೇಳತೊಡಗಿದರು. ಹೈನ್ ಮತ್ತು ಅವರ ಸಹೋದ್ಯೋಗಿ ಪ್ಯಾಟ್ರಿಕ್ ಬಿಡಲ್ಮನ್ ಜತೆಗೂಡಿದರು. ಸರಕಾರದ ಧನಸಹಾಯ ಸಿಕ್ಕಿತು. ಇಂಡಿಯಾನಾ ಮತ್ತು ಇಲಿನಾಯ್ ಪ್ರಾಂತಗಳಲ್ಲಿ ಕಪ್ಪು ಮಹಿಳೆಯರ ದಾಖಲೆ ಕೂಡಿಸುವ ಯೋಜನೆ ಹುಟ್ಟಿತು. ಕೆಲಸ ಮಾಡಿದವರು ಹೆಚ್ಚಾಗಿ ಊರೂರಿನ ಸ್ವಯಂಸೇವಕಿಯರು. ತಮ್ಮ ಚರ್ಚು, ತಮ್ಮ ಕೇರಿ, ತಮ್ಮ ನೆಂಟರ ಮನೆಗಳಿಗೆ ಅವರೇ ಹೋದರು. ಕೂಡಿಸಿದ್ದನ್ನು ಆಯಾ ಪ್ರಾಂತದ ಚರಿತ್ರೆ ಸಂಘಗಳಲ್ಲಿ ಇರಿಸಿ, ಎಲ್ಲಿ ಏನಿದೆಯೆಂದು ತಿಳಿಸುವ ಕೈಪಿಡಿಯನ್ನು 1986ರಲ್ಲಿ ಅಚ್ಚುಹಾಕಿಸಿದರು. ಆ ಟೆಲಿಫೋನು ಕರೆಯಿಂದ ಹೈನ್ ಅವರ ವಿದ್ಯಾವ್ಯಾಸಂಗದ ದಾರಿಯೇ ತಿರುಗಿತು. ಅಮೇರಿಕೆಯ ಕಪ್ಪು ಮಹಿಳೆಯರ ಮೇಲಿನ ಎರಡು ಸಂಪುಟದ ವಿಶ್ವಕೋಶವನ್ನು ಅವರು 1993ರಲ್ಲಿ ಸಂಪಾದಿಸಿದರು. ರಾಷ್ಟ್ರೀಯ ಮಾನವಿಕ ಪದಕವೂ ಅವರಿಗೆ ಸಂದಿತು. ವಿದ್ವಾಂಸರಿಂದ ಜನ ಕಲಿಯುವುದು ಸರಿಯೇ. ಇಲ್ಲಿ ವಿದ್ವಾಂಸರಿಗೇ ಒಬ್ಬ ಶಾಲಾಮೇಡಂ ಪಾಠ ಹೇಳಿದರು.

ಈ ಪೆಟ್ಟಿಗೆಗಳನ್ನು ತಿರುವಿ ಹಾಕುವಾಗ ಹೈನ್ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಇಡೀ ಲೇಖನದಲ್ಲಿ ನಾನು ಬಹಳ ಯೋಚಿಸಿದ್ದು ಇದನ್ನೇ. ಈ ಹೆಂಗಸರು ಸಂಘದ ಲೆಕ್ಕ ಇಟ್ಟಿದ್ದರು, ನಡಾವಳಿ ಇಟ್ಟಿದ್ದರು, ಆದರೆ ತಮ್ಮ ಒಳಮನಸ್ಸಿನ ವಿಷಯ ಎಲ್ಲಿಯೂ ಬಿಟ್ಟುಕೊಟ್ಟಿರಲಿಲ್ಲ. 1989ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು ಅದಕ್ಕೆ ಕಾರಣ ಹೇಳಿದರು. ದಕ್ಷಿಣದ ಪ್ರಾಂತಗಳಿಂದ ಲಕ್ಷಾಂತರ ಕಪ್ಪು ಜನ ಉತ್ತರದ ಕೈಗಾರಿಕಾ ಪಟ್ಟಣಗಳಿಗೆ ವಲಸೆ ಬಂದ ಕಾಲವದು. ಗಂಡಸರು ಕೂಲಿಗಾಗಿ ಬಂದರೆಂದು ಪುಸ್ತಕಗಳು ಹೇಳುತ್ತವೆ. ಹೆಂಗಸರಲ್ಲಿ ಎಷ್ಟೋ ಮಂದಿ ಮಾನಭಂಗದ ಭಯದಿಂದ, ಮನೆಯೊಳಗಿನ ಹೊಡೆತದಿಂದ ಪಾರಾಗಲು ಊರು ಬಿಟ್ಟು ಬಂದವರು. ಅದನ್ನು ಬಾಯಿ ಬಿಟ್ಟು ಹೇಳುವಂತಿಲ್ಲ. ಹೇಳಿದರೆ ಕೇಳಿದವರು ಇವಳನ್ನೇ ಹಳಿದಾರು. ಆದ್ದರಿಂದ ಮೇಲೆ ಮುಚ್ಚುಮರೆಯಿಲ್ಲದವರಂತೆ ನಗುನಗುತ್ತ ಇದ್ದು, ಒಳಗಿನದನ್ನು ಒಳಗೇ ಬೀಗ ಹಾಕಿಟ್ಟರು. ಮರೆಮಾಚುವಿಕೆಯೇ ಅವರ ಸಂಸ್ಕೃತಿಯಾಯಿತೆಂದು ಹೈನ್ ಬರೆಯುತ್ತಾರೆ. ದಾಖಲೆಯಲ್ಲಿ ಕಾಣುವ ಮೌನವೆಲ್ಲ ಇತರರ ಅಲಕ್ಷ್ಯದಿಂದಲೇ ಬಂದದ್ದಲ್ಲ. ಕೆಲವು ಮೌನವನ್ನು ಹೆಂಗಸರೇ ತಮ್ಮ ರಕ್ಷಣೆಗಾಗಿ ಕಟ್ಟಿಕೊಂಡಿದ್ದರು.

ಹಾಗಾದರೆ ದಫ್ತರ ಕಟ್ಟುವವರು ಆ ಬೀಗವನ್ನು ಒಡೆಯಬೇಕೋ ಬಿಡಬೇಕೋ? ಹೇಳುವವಳ ಇಷ್ಟದಂತೆ, ಎಂಬುದು ಈಗ ಈ ಕೆಲಸದವರೆಲ್ಲ ಒಪ್ಪಿದ ಪದ್ಧತಿ. ಮುದುಕಿಯ ಮಾತನ್ನು ಮುದ್ರಿಸಿಕೊಳ್ಳುವ ಮುನ್ನ ಏತಕ್ಕಾಗಿ, ಯಾರು ಕೇಳುತ್ತಾರೆ ಎಂಬುದನ್ನು ತಿಳಿಸಿ ಒಪ್ಪಿಗೆ ಪತ್ರ ಮಾಡಿಸುತ್ತಾರೆ. ನಡುವೆ ಯಂತ್ರ ನಿಲ್ಲಿಸೆಂದರೆ ನಿಲ್ಲಿಸಬೇಕು. ಈ ಭಾಗವನ್ನು ನಾನು ಸತ್ತ ಮೇಲೆ ತೆರೆಯಿರಿ, ಇಷ್ಟು ವರ್ಷ ಮುಚ್ಚಿಡಿ, ನನ್ನ ಹೆಸರು ಹಾಕಬೇಡಿ ಎಂದರೆ ಹಾಗೆಯೇ ನಡೆಯಬೇಕು. ಆಡಿದ ಮಾತಿನ ಒಂದು ಪ್ರತಿ ಆಡಿದವಳಿಗೆ ಸೇರತಕ್ಕದ್ದು. ನಿಮ್ಮ ಚರಿತ್ರೆ ಹೇಳಿರೆಂದು ಕೇಳಿದರೆ 'ನನ್ನದೇನಿದೆ ಮಹಾ' ಎನ್ನುವುದು ಎಲ್ಲ ದೇಶದ ಹೆಂಗಸರ ಮೊದಲ ಉತ್ತರವಂತೆ. ಅದಕ್ಕೆ ಬಲ್ಲವರು ಚರಿತ್ರೆಯ ಹೆಸರೆತ್ತದೆ ಹಳೆಯ ಫೋಟೋ ಆಲ್ಬಮ್ಮು ತೆಗೆಸುತ್ತಾರೆ, ಇವರು ಯಾರು ಎಂದು ಬೆರಳಿಟ್ಟು ಕೇಳುತ್ತಾರೆ. ಆ ಬೆರಳು ಗಂಟೆಗಟ್ಟಲೆ ಮಾತು ತೆಗೆಸುತ್ತದೆ.

ಇನ್ನು ಹೆಸರು ದಾಖಲಿಸುವ ತೊಡಕು. ನಮ್ಮ ಹಾಜರಿ ಪುಸ್ತಕದ ಹುಳುಕೇ ಅಲ್ಲಿಯೂ ಇದೆ. ಹಳೆಯ ಕಾಲದಲ್ಲಿ ಅಲ್ಲಿಯ ವಿವಾಹಿತ ಹೆಂಗಸರನ್ನು ಮಿಸೆಸ್ ಎಂದು ಸೇರಿಸಿ ಗಂಡನ ಪೂರಾ ಹೆಸರಿನಿಂದಲೇ ಬರೆಯುತ್ತಿದ್ದರು. ಫೋಟೋದ ಹಿಂದೆಯೂ ಅದೇ, ಪಟ್ಟಿಯಲ್ಲಿಯೂ ಅದೇ. ಆಕೆಯ ಸ್ವಂತ ಹೆಸರಿನಿಂದ ಹುಡುಕಿದರೆ ಏನೂ ಸಿಕ್ಕದು. ಈಗ ಹಲವು ಪತ್ರಾಗಾರಗಳಲ್ಲಿ ಕುಳಿತು ಮದುವೆ ದಾಖಲೆ, ಜನಗಣತಿ ತಾಳೆ ನೋಡಿ ಒಬ್ಬೊಬ್ಬಳಿಗೂ ಆಕೆಯ ಹೆಸರನ್ನು ಮರಳಿ ಕೊಡುವ ಕೆಲಸ ನಡೆಸುತ್ತಿದ್ದಾರೆ. ಬೇಸರದ ಕೆಲಸ. ಗುಮಾಸ್ತನಿಗೇ ಗೊತ್ತು ಅದರ ಬೆನ್ನುನೋವು.

ಅಮೇರಿಕೆಯಲ್ಲಿ ಟ್ರಂಕಿನಿಂದ ಹೊರಬಂದದ್ದು ಕ್ಲಬ್ಬಿನ ನಡಾವಳಿಯಾದರೆ ಇಂಗ್ಲೆಂಡಿನಲ್ಲಿ ಚಳವಳಿಯ ಕರಪತ್ರಗಳು. ಅಲ್ಲಿ ಎಪ್ಪತ್ತರ ದಶಕದಲ್ಲಿ ವೆಸ್ಟ್ ಇಂಡೀಸ್, ಆಫ್ರಿಕ, ಹಿಂದೂಸ್ಥಾನ, ಪಾಕಿಸ್ತಾನ ಮೂಲದ ಹೆಂಗಸರು ಒಟ್ಟುಗೂಡತೊಡಗಿದರು. 1978ರಲ್ಲಿ ಏಷ್ಯ ಮತ್ತು ಆಫ್ರಿಕ ಮೂಲದ ಮಹಿಳೆಯರ ಸಂಘಟನೆ, ಹೆಸರಿನ ಮೊದಲ ಅಕ್ಷರಗಳಿಂದ 'ಓವಾಡ್', ಹುಟ್ಟಿತು. 1979ರ ಮಾರ್ಚಿನಲ್ಲಿ ಲಂಡನ್ನಿನ ಬ್ರಿಕ್ಸ್ಟನ್ನಿನಲ್ಲಿ ಅವರ ಮೊದಲ ಸಮ್ಮೇಳನಕ್ಕೆ ಸುಮಾರು 300 ಮಹಿಳೆಯರು ಬಂದರು. ನಮ್ಮ ಈ ಪತ್ರಿಕೆಯಂತೆ ಅವರದೂ ಒಂದು ಚಿಕ್ಕ ವಾರ್ತಾಪತ್ರವಿತ್ತು.

ಆ ವರ್ಷದ ಒಂದು ಪ್ರಸಂಗ ನಮ್ಮವರು ತಿಳಿದಿರತಕ್ಕದ್ದು. 1979ರ ಜನವರಿಯಲ್ಲಿ ಮದುವೆಯಾಗಲೆಂದು ನಮ್ಮ ದೇಶದಿಂದ ಲಂಡನ್ನಿಗೆ ಹೋದ ಒಬ್ಬ ಉಪಾಧ್ಯಾಯಿನಿಯನ್ನು ಹೀತ್ರೂ ವಿಮಾನ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆಗೆ ಗುರಿಮಾಡಿದ್ದು ಪತ್ರಿಕೆಯಲ್ಲಿ ಬಯಲಾಯಿತು. ಓವಾಡ್ ಮತ್ತು ಆವಾಜ್ ಎಂಬ ಏಷ್ಯನ್ ಮಹಿಳೆಯರ ಸಂಘ ವಿಮಾನ ನಿಲ್ದಾಣಕ್ಕೇ ಹೋಗಿ ಧರಣಿ ಕುಳಿತರು. ಇಂಥದ್ದು ಎಲ್ಲೋ ಒಂದೆರಡು ಎಂದು ಸರಕಾರ ಹೇಳಿತು. ಮೂವತ್ತು ವರ್ಷಗಳ ಮೇಲೆ ಸರಕಾರದ ಕಡತಗಳನ್ನು ಇಬ್ಬರು ಸಂಶೋಧಕರು ತೆರೆದು ನೋಡಿದರು. ಅವರು ಕಂಡುಕೊಂಡದ್ದು 2011ರಲ್ಲಿ ಪ್ರಕಟವಾಯಿತು: ಎಪ್ಪತ್ತರ ದಶಕದ ಕೊನೆಯಲ್ಲಿ ಕನಿಷ್ಠ 80 ಹೆಣ್ಣುಮಕ್ಕಳು ಈ ಅವಮಾನಕ್ಕೆ ಗುರಿಯಾಗಿದ್ದರು, ಬಹುಮಟ್ಟಿಗೆ ಎಲ್ಲವೂ ನಡೆದದ್ದು ನಮ್ಮ ದೇಶದಲ್ಲಿಯೇ ಇದ್ದ ಬ್ರಿಟಿಷ್ ಕಚೇರಿಗಳಲ್ಲಿ. ಸರಕಾರದ ಕಡತ ಸತ್ಯವನ್ನು ಹೇಳಲು ಮೂವತ್ತು ವರ್ಷ ತೆಗೆದುಕೊಂಡಿತು. ಹೆಂಗಸರ ಕರಪತ್ರ ಅಂದೇ ಹೇಳಿತ್ತು.

ಓವಾಡ್ ಬಹಳ ವರ್ಷ ಬಾಳಲಿಲ್ಲ. ಆಫ್ರಿಕ ಮೂಲದವರಿಗೂ ಏಷ್ಯ ಮೂಲದವರಿಗೂ, ಮತ್ತೆ ಅವರವರಲ್ಲೇ, ಭಿನ್ನಾಭಿಪ್ರಾಯ ಬೆಳೆದು ಎಂಬತ್ತರ ದಶಕದ ಆರಂಭದಲ್ಲಿ ಒಡೆದುಹೋಯಿತು. ಅದರ ಕಾಗದಗಳು ಉಳಿದದ್ದು ಸ್ಟೆಲ್ಲಾ ಡ್ಯಾಡ್ಜಿ ಮೊದಲಾದವರು ಎತ್ತಿಟ್ಟುಕೊಂಡಿದ್ದರಿಂದ. 1985ರಲ್ಲಿ ಡ್ಯಾಡ್ಜಿ, ಬೆವರ್ಲಿ ಬ್ರಯನ್, ಸುಝಾನ್ ಸ್ಕೇಫ್ ಮೂವರೂ ಕೂಡಿ ಬ್ರಿಟನ್ನಿನ ಕಪ್ಪು ಮಹಿಳೆಯರ ಬಾಳಿನ ಬಗ್ಗೆ ಒಂದು ಪುಸ್ತಕ ಬರೆದರು. ಡ್ಯಾಡ್ಜಿಯವರ ಕಾಗದಪತ್ರಗಳು ಈಗ ಬ್ರಿಕ್ಸ್ಟನ್ನಿನ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್ ಎಂಬ ದಫ್ತರದಲ್ಲಿವೆ. 1981ರಲ್ಲಿ ಲೆನ್ ಗ್ಯಾರಿಸನ್ ಮತ್ತು ಗೆಳೆಯರು ಹುಟ್ಟುಹಾಕಿದ ಆ ಸಂಸ್ಥೆಗೆ ಒಂದು ಒಳ್ಳೆಯ ಕಟ್ಟಡ ದೊರೆತು ಬಾಗಿಲು ತೆರೆಯುವ ಹೊತ್ತಿಗೆ 2014 ಬಂದಿತ್ತು. ಹೊಸ ಕಟ್ಟಡದ ಮೊದಲ ಪ್ರದರ್ಶನ ಬ್ರಿಟನ್ನಿನ ಕಪ್ಪು ಮಹಿಳೆಯರ ಮೇಲೆಯೇ. ಕಾಗದಪತ್ರ ಕೊಟ್ಟವರು ಸಂಘದ ಜಗಳದ ಕಾಗದಗಳನ್ನು ಹರಿದು ಹಾಕದಿದ್ದದ್ದು ಒಳ್ಳೆಯದಾಯಿತು. ನಮ್ಮ ಸಂಘಗಳಲ್ಲಿ ಮೊದಲು ಹರಿಯುವುದೇ ಅವನ್ನು.

ಕಾರ್ಮಿಕ ಬಂಧುಗಳಿಗಾಗಿ ಇನ್ನೊಂದು ಮಾತು. ಲಂಡನ್ನಿನ ವಿಲ್ಸ್‌ಡನ್ನಿನಲ್ಲಿ ಗ್ರನ್ವಿಕ್ ಎಂಬ ಫೋಟೋ ತೊಳೆಯುವ ಕಾರ್ಖಾನೆಯಿತ್ತು. ಜನ ತಮ್ಮ ಪ್ರವಾಸದ, ಮದುವೆಯ ಫಿಲ್ಮುಗಳನ್ನು ಟಪಾಲಿನಲ್ಲಿ ಕಳುಹಿಸಿದರೆ ಅಲ್ಲಿ ತೊಳೆದು ಮುದ್ರಿಸಿ ಕಳುಹಿಸುತ್ತಿದ್ದರು. ಕೆಲಸಗಾರರಲ್ಲಿ ಬಹುಮಂದಿ ಪೂರ್ವ ಆಫ್ರಿಕದಿಂದ ಬಂದ ಗುಜರಾತಿ ಹೆಂಗಸರು. 1976ರ ಆಗಸ್ಟ್ 20ರಂದು ಜಯಾಬೆನ್ ದೇಸಾಯಿ ಎಂಬ ತಾಯಿ ಮೇಲಧಿಕಾರಿಯ ದಬ್ಬಾಳಿಕೆ ತಾಳದೆ ಮಗನೊಂದಿಗೆ ಹೊರನಡೆದರು. ಯೂನಿಯನ್ನಿನ ಹಕ್ಕಿಗಾಗಿ ನಡೆದ ಆ ಮುಷ್ಕರ 1978ರ ಜುಲೈವರೆಗೆ, ಸುಮಾರು ಎರಡು ವರ್ಷ ನಡೆಯಿತು. ಟಪಾಲು ನೌಕರರು ಸಹ ಕಾರ್ಖಾನೆಯ ಟಪಾಲು ಮುಟ್ಟಲಿಲ್ಲ. ಆದರೂ ಕೊನೆಗೆ ಸೋಲಾಯಿತು, ಕೆಲಸ ಮರಳಿ ಸಿಕ್ಕಲಿಲ್ಲ. ಪತ್ರಿಕೆಗಳು ಇವರನ್ನು ಸೀರೆಯುಟ್ಟ ಮುಷ್ಕರದವರೆಂದು ಬಣ್ಣಿಸಿದವು. ಮೂಗಿನ ವಜ್ರ ಹೋಗಿ ಸೀರೆ ಬಂದಿತು, ಅಷ್ಟೆ! ಮುಂದೆ ಸುಂದರಿ ಅನಿತಾ ಮತ್ತು ರೂತ್ ಪಿಯರ್ಸನ್ ಎಂಬ ಇಬ್ಬರು ವಿದುಷಿಯರು ಆ ಮುಷ್ಕರದ ಹೆಂಗಸರನ್ನು ಹುಡುಕಿ ಅವರ ಬಾಯಿಂದಲೇ ಕೇಳಿ ಬರೆದುಕೊಂಡರು. ಊರವರ ಸಾವಿರಾರು ಫೋಟೋ ತೊಳೆದ ಕೈಗಳವು. ಆ ಕೈಗಳ ಕಥೆ ಅವರದೇ ಮಾತಿನಲ್ಲಿ ದಾಖಲಾದದ್ದು ಆಗ.

ಇದೆಲ್ಲ ಸಲೀಸಾಗಿ ನಡೆಯುವ ಕೆಲಸವೆಂದು ತಿಳಿಯಬಾರದು. ಬಾಡಿಗೆ, ಕಪಾಟು, ಒಂದು ಸಂಬಳದ ಹುದ್ದೆ, ಎಲ್ಲಕ್ಕೂ ಹಣ ಬೇಕು. ಹಣ ಕೊಟ್ಟವರ ಮಾತೂ ಕೇಳಬೇಕಾಗುತ್ತದೆ. ವಾಷಿಂಗ್ಟನ್ನಿನಲ್ಲಿ ಮೇರಿ ಮೆಕ್ಲಾಡ್ ಬೆಥೂನ್ ಅವರ ಮನೆಯಿದೆ. ಮೇಲೆ ಹೇಳಿದ ನೀಗ್ರೋ ಮಹಿಳಾ ಕೌನ್ಸಿಲನ್ನು 1935ರಲ್ಲಿ ಸ್ಥಾಪಿಸಿದವರು ಇವರೇ. 1943ರಲ್ಲಿ ಆ ಮನೆ ಕೌನ್ಸಿಲಿನ ಕೇಂದ್ರವಾಯಿತು, 1979ರಲ್ಲಿ ಅಲ್ಲೇ ಕಪ್ಪು ಮಹಿಳೆಯರ ಚರಿತ್ರೆಯ ಪತ್ರಾಗಾರ ತೆರೆಯಿತು. ಮುಂದೆ ನಡೆಸುವುದು ಕಷ್ಟವಾಗಿ ಕೇಂದ್ರ ಸರಕಾರದ ಉದ್ಯಾನ ಇಲಾಖೆಯ ಕೈಗೆ ಹೋಯಿತು. 2014ರಲ್ಲಿ ಇಲಾಖೆಯವರು ಕಾಗದಗಳನ್ನು ಮೇರಿಲ್ಯಾಂಡ್ ಪ್ರಾಂತದ ತಮ್ಮ ಉಗ್ರಾಣಕ್ಕೆ ಸಾಗಿಸಿದರು. ಹಳೆಯ ಮನೆಯಲ್ಲಿ ಕಾಗದಕ್ಕೆ ಬೇಕಾದ ತಂಪು, ಒಣಹವೆ ಇಲ್ಲವೆಂಬುದು ಕಾರಣ. ಕಾಗದಕ್ಕೆ ಹಿತವಾಯಿತು ನಿಜ. ಆದರೆ ಆ ಮೆಟ್ಟಿಲು ಹತ್ತಿ ಬಂದು ತಮ್ಮ ಅಜ್ಜಿಯರ ಪತ್ರವನ್ನು ಅದೇ ಮನೆಯಲ್ಲಿ ಓದುತ್ತಿದ್ದವರಿಗೆ ಅದು ಸರಿಬರಲಿಲ್ಲ. ಎರಡೂ ಪಕ್ಷದಲ್ಲಿ ನ್ಯಾಯವಿದೆ. ನನ್ನ ಮನಸ್ಸು ಮಾತ್ರ ಮೆಟ್ಟಿಲು ಹತ್ತಿದವರ ಕಡೆಗಿದೆ.

ಹೆಂಗಸರ ಬಾಳಿನ ದಾಖಲೆ ಕೂಡಿಸುವ ಸಂಸ್ಥೆ ನಮ್ಮ ದೇಶದಲ್ಲಿಯೂ ಇಲ್ಲದಿಲ್ಲ. ಮುಂಬಯಿಯಲ್ಲಿ 1988ರಲ್ಲಿ ನೀರಾ ದೇಸಾಯಿ, ಮೈತ್ರೇಯಿ ಕೃಷ್ಣರಾಜ್ ಮತ್ತು ಅಂಬೈ ಎಂಬ ಹೆಸರಿನಿಂದ ತಮಿಳಿನಲ್ಲಿ ಕಥೆ ಬರೆಯುವ ಸಿ. ಎಸ್. ಲಕ್ಷ್ಮಿಯವರು 'ಸ್ಪ್ಯಾರೋ' ಎಂಬ ಧ್ವನಿ ಮತ್ತು ಚಿತ್ರಗಳ ಸಂಗ್ರಹವನ್ನು ಸ್ಥಾಪಿಸಿದರು. ಅದರ ವಿಷಯ ಇನ್ನೊಮ್ಮೆ ಬರೆಯುವೆ.

ಈ ಲೇಖನಕ್ಕೆ ಓದುತ್ತಿದ್ದಾಗ ನಮ್ಮ ವಾಚನಾಲಯದ ಒಬ್ಬ ಸದಸ್ಯರಿಗೆ ಬಾಯಲ್ಲಿ ಹೇಳಿದೆ. ಅವರ ಸೋದರತ್ತೆ ಹಿಂದೆ ಇಂಗ್ಲೆಂಡಿಗೆ ಹೋಗಿ ಅಲ್ಲೇ ಒಂದು ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡವರಂತೆ. ಮುಂದಿನ ಭಾನುವಾರ ಅವರು ಹತ್ತು ಹನ್ನೆರಡು ವಿಮಾನದ ಅಂಚೆಪತ್ರ, ಒಂದು ಫೋಟೋ ತಂದು ಮೇಜಿನ ಮೇಲಿಟ್ಟರು. ಫೋಟೋದಲ್ಲಿ ಹೊಲಿಗೆ ಯಂತ್ರದ ಮುಂದೆ ಕೋಟು ತೊಟ್ಟ ಏಳು ಮಂದಿ ಹೆಂಗಸರು, ಹಿಂದೆ ಇಂಗ್ಲಿಷಿನಲ್ಲಿ ಅತ್ತೆಯ ಗಂಡನ ಹೆಸರು ಮಾತ್ರ. ಉಳಿದವರಾರೆಂದು ಕೇಳಿದೆ. ಅಮ್ಮನಿಗೆ ಗೊತ್ತಿರಬಹುದೆಂದು ಅಲ್ಲಿಂದಲೇ ಊರಿಗೆ ಫೋನು ಹಚ್ಚಿದರು. ಆ ತಾಯಿ ಪತ್ರಗಳಲ್ಲಿ ಓದಿದ್ದ ನೆನಪಿನ ಮೇಲೆ ನಾಲ್ಕು ಹೆಸರು ಹೇಳಿದರು, ಒಬ್ಬಾಕೆ ಜಮೈಕಾದವಳು, ಮಗುವಿಗೆ ಕಾಯಿಲೆಯಾದಾಗ ಅತ್ತೆಯ ಪಾಳಿಯನ್ನೂ ತಾನೇ ಮಾಡಿದವಳು ಎಂದರು. ಐದನೆಯದು ನಾಲಗೆಯ ತುದಿಯಲ್ಲಿದೆ, ರಾತ್ರಿ ನೆನಪಾದರೆ ಹೇಳುತ್ತೇನೆಂದರು. ಮೆತ್ತನೆಯ ಪೆನ್ಸಿಲು ತೆಗೆದುಕೊಂಡು ಫೋಟೋದ ಹಿಂದೆ ಹಗುರವಾಗಿ, ಎಡದಿಂದ ಬಲಕ್ಕೆ, ಅತ್ತೆಯ ಸ್ವಂತ ಹೆಸರು ಮೊದಲಾಗಿ ಬರೆದು, ಇಬ್ಬರ ಜಾಗವನ್ನು ಖಾಲಿ ಬಿಟ್ಟೆವು.